ನನಗಿಂತ ಮೊದಲು ಕಾರಿನ ಹತ್ತಿರ ಬಂದವಳು

ದೆವ್ವ, ಗಾಳಿ, ಕನಸಿನಲ್ಲಿ ಬಂದು ಹೇಳಿದ್ದು, ಕಾಣದ ಕೈ ತಡೆದದ್ದು, ಇಂಥ ಮಾತು ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿಬಿಡುವ ಹೆಂಗಸು ನಾನು. ರಾಯಚೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಯಾರಾದರೂ ಹುಡುಗಿ "ಟೀಚರ್, ನಮ್ಮ ಓಣ್ಯಾಗ ದೆವ್ವ ಅದ್ರೀ" ಅಂದರೆ, "ಅದರ ತೂಕ ಎಷ್ಟು, ಕೇಳಿಕೊಂಡು ಬಾ" ಎಂದು ಕೂರಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಇದಕ್ಕಾಗಿ ನನಗೆ ನನ್ನ ಮೇಲೆಯೇ ಸಿಟ್ಟಿದೆ. ನೀವು ನಂಬಬೇಕೆಂದು ಬರೆಯುತ್ತಿಲ್ಲ. ಸುಲಭವಾಗಿ ನಂಬಿಬಿಟ್ಟರೆ ನಿಮ್ಮ ಮೇಲೂ ಸ್ವಲ್ಪ ಬೇಸರವೇ ಆದೀತು. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೇ.

ಇದಕ್ಕೆಲ್ಲ ಮೂಲ ನಮ್ಮಣ್ಣ. ನಿವೃತ್ತರಾದ ಗಂಡಸರು ಗುಡಿ ಸುತ್ತುತ್ತಾರೆ, ಇಲ್ಲವೇ ಹೆಂಡತಿಯ ಅಡುಗೆಯಲ್ಲಿ ಹುಳುಕು ಹುಡುಕುತ್ತಾರೆ. ಬ್ಯಾಂಕಿನ ಕೆಲಸ ಮುಗಿಸಿ ಮನೆಗೆ ಬಂದ ನಮ್ಮಣ್ಣ ಕ್ಯಾಮೆರಾ ಕೊಂಡ. ಅದಕ್ಕೆ ಸೋರೆಕಾಯಿಯಷ್ಟು ಉದ್ದನೆಯ ಲೆನ್ಸು. ಅಲ್ಲಿಂದ ಮುಂದೆ ಊರಿನ ಯಾವ ಹಕ್ಕಿಗೂ, ನಮಗೆ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಅತ್ತಿಗೆಗೆ ಮೊಣಕಾಲು ನೋವು. ಕಲ್ಲುಮುಳ್ಳಿನಲ್ಲಿ ಅವನ ಹಿಂದೆ ತಿರುಗುವುದು ಆಗದು. ಹಾಗಾಗಿ ಚಳಿಗಾಲ ಬಂತೆಂದರೆ ಅವನನ್ನು ನನ್ನ ಕೈಗೆ ಒಪ್ಪಿಸಿಬಿಡುತ್ತಾಳೆ. "ನೀನ ಕರ್ಕೊಂಡು ಹೋಗವಾ. ಮನ್ಯಾಗ ಕುಂತ್ರ ನನ್ನ ತಲಿ ತಿಂತಾರ" ಅನ್ನುತ್ತಾಳೆ.

ಆ ಸಲ ಅವನು ಹಾಕಿದ ಯೋಜನೆ ಸಣ್ಣದಲ್ಲ. ಯಾರೋ ಗೆಳೆಯರು ಕಾರವಾರದ ಕಡಲಗುಂಟ ಕಾರಿನಲ್ಲಿ ಹೋಗಿ ಡಾಲ್ಫಿನ್ ನೋಡಿಬಂದು ಫೋಟೋ ಕಳಿಸಿದ್ದರು. ಅದು ಇವನಿಗೆ ತಡೆಯಲಿಲ್ಲ. "ನಮಗ ಸಮುದ್ರ ಇಲ್ಲ ಅಂತ ಯಾರು ಅಳಾಕತ್ತಾರ? ಮ್ಯಾಲ ಕೃಷ್ಣಾ ಅದ, ಕೆಳಗ ತುಂಗಭದ್ರಾ ಅದ. ದಂಡಿಗುಂಟ ಹೋದ್ರ ಎಂಥಾ ಕಲ್ಲು, ಎಂಥಾ ಮೊಸಳಿ" ಎಂದ. ಮೊದಲ ದಿನ ದೇವದುರ್ಗದ ಕಡೆ ಕೃಷ್ಣೆಯ ದಂಡೆ, ರಾತ್ರಿ ಮಾನ್ವಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ, ಮರುದಿನ ತುಂಗಭದ್ರೆಯ ದಂಡೆ. ಅವನ ಮುಖ್ಯ ಆಸೆ ನೀರುನಾಯಿ. ಮೊಸಳೆಯ ಫೋಟೋ ಅವನ ಹತ್ತಿರ ಬೇಕಾದಷ್ಟಿದ್ದವು. ನೀರುನಾಯಿ ಮಾತ್ರ ಸಿಕ್ಕಿರಲಿಲ್ಲ. ಅದು ತನಗೆ ಯಾರೋ ಮಾಡಿದ ಅನ್ಯಾಯ ಎಂಬಂತೆ ಮಾತಾಡುತ್ತಿದ್ದ.

ಕಾರು ನಮ್ಮ ಗಲ್ಲಿಯ ಮೌಲಾನದು. ಸ್ವಂತ ಕಾರು, ತಾನೇ ಓಡಿಸುತ್ತಾನೆ. ನಮ್ಮ ಮನೆಗಳಿಗೆ ಆಸ್ಪತ್ರೆಗೆ, ಮದುವೆಗೆ, ಎಲ್ಲದಕ್ಕೂ ಅವನೇ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಅವನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮೌಲಾ ಇದ್ದದ್ದಕ್ಕಿಂತ ಹೆಚ್ಚು ಹೇಳುವ ಮನುಷ್ಯನಲ್ಲ. ಬಜಾರಿನಲ್ಲಿ ದೊಡ್ಡ ಜಗಳವಾಯಿತು, ನೂರಾರು ಜನ ಸೇರಿದ್ದರು ಎಂದು ಊರೆಲ್ಲ ಹೇಳುತ್ತಿದ್ದರೆ, "ಹತ್ತಿಪ್ಪತ್ತು ಮಂದಿ ಇದ್ರು ಅಕ್ಕಾರ, ಅದ್ರಾಗ ಅರ್ಧ ಮಂದಿ ತರಕಾರಿ ತಗೊಳ್ಳಾಕ ಬಂದವರು" ಎನ್ನುವವನು.

ರಾಯಚೂರು ಬಿಟ್ಟದ್ದು ನಸುಕಿನಲ್ಲಿ. ಗಬ್ಬೂರು ಮುಟ್ಟುವುದರೊಳಗೆ ಬಿಸಿಲೇರಿತ್ತು. ತಂತಿಯ ಮೇಲೆ ಕೂತ ಪ್ರತಿಯೊಂದು ಹಕ್ಕಿಗೂ "ಮೌಲಾ, ನಿಲ್ಸು" ಎಂದು ಅಣ್ಣ ಕೂಗುವುದು, ಮೌಲಾ ನಿಲ್ಲಿಸುವುದು, ಹಿಂದೆ ಬಂದ ಹತ್ತಿ ತುಂಬಿದ ಲಾರಿಯವನು ಹಾರ್ನ್ ಹೊಡೆದು ಬೈಯುವುದು, ಅಷ್ಟರಲ್ಲಿ ಹಕ್ಕಿ ಹಾರಿಹೋಗುವುದು. ಹಕ್ಕಿ ಹಾರಿದ್ದಕ್ಕೆ ಕಾರಣ ನಾನು ಬಾಗಿಲು ತೆಗೆದದ್ದು ಎಂದು ಅಣ್ಣನ ತೀರ್ಮಾನ. ಬಾಗಿಲು ತೆಗೆದಿರಲೇ ಇಲ್ಲ.

ಗಬ್ಬೂರಿನಲ್ಲಿ ಚಹಾಕ್ಕೆ ಇಳಿದೆವು. ಅಂಗಡಿಯವನು ಮೂರು ಕಪ್ ತಂದಿಟ್ಟು, ಒಂದನ್ನು ಅಣ್ಣನ ಮುಂದೆ ಸರಿಸಿ, "ಇದು ಸಕ್ಕರಿ ಇಲ್ಲದ್ದು" ಎಂದ. ಅಣ್ಣನಿಗೆ ಸಕ್ಕರೆ ಕಾಯಿಲೆ ಇರುವುದು ನಿಜ. ನಾವಿನ್ನೂ ಹೇಳಿರಲಿಲ್ಲ. ಹೆಂಗ ಗೊತ್ತಾತು ಎಂದು ಕೇಳಿದೆ. "ನಿನ್ನಿ ನೀವ ಹೇಳಿದ್ರಲ್ರೀ" ಎನ್ನುತ್ತ ಬೇರೆ ಗಿರಾಕಿಯ ಕಡೆ ಹೋದ. ಹಿಂದಿನ ದಿನ ನಾನು ಶಾಲೆಯಲ್ಲಿ ಪರೀಕ್ಷೆಯ ಕೋಣೆ ಕಾಯುತ್ತಿದ್ದೆ. ಅಣ್ಣನ ಮುಖ ನೋಡಿದೆ. ಅವನು ಮರದ ಮೇಲಿನ ಗೂಡು ನೋಡುತ್ತಿದ್ದ. "ಈ ವಯಸ್ಸಿನವರಿಗೆ ಎಲ್ಲಾರಿಗೂ ಶುಗರ್ ಇರತದ, ಅಂದಾಜು ಮಾಡ್ಯಾನ" ಎಂದ. ನನಗೂ ಅದೇ ಸರಿಯೆನಿಸಿತು. ಮರೆತೆ.

ದೇವದುರ್ಗದಲ್ಲಿ ಊಟ ಮುಗಿಸಿಕೊಂಡು ಹೊಳೆಗೆ ಹೋಗುವುದೆಂದು ಒಂದು ಸಣ್ಣ ಖಾನಾವಳಿಗೆ ಹೋದೆವು. ಮೌಲಾ ಕಾರಿಗೆ ಗಾಳಿ ಹಾಕಿಸಲು ಹೋದ. ಅಣ್ಣ ಕೈ ತೊಳೆಯಲು ಹಿಂದಿನ ಹಿತ್ತಿಲಿಗೆ ಹೋದ. ರೊಟ್ಟಿ ಬಡಿಯುತ್ತಿದ್ದ ಹೆಂಗಸು ನನ್ನನ್ನು ನೋಡಿ, ಕೈ ನಿಲ್ಲಿಸದೆ, "ಬರ್ರಿ ಯವ್ವಾ. ನಿನ್ನಿ ಏನೂ ಉಣ್ಣದ ಎದ್ದು ಹೋದ್ರಿ" ಎಂದಳು.

ನನಗೆ ತಲೆ ಕೆಟ್ಟಿತು. ನಿನ್ನೆ ನಾವು ಬಂದೇ ಇಲ್ಲ, ನೀವು ಬೇರೆ ಯಾರನ್ನೋ ನೋಡಿದ್ದೀರಿ ಎಂದೆ.

"ನೀವ ಯವ್ವಾ. ಸಂಜಿಕಡಿ ಒಬ್ರೇ ಬಂದ್ರಿ. ಅಲ್ಲೇ ಗ್ವಾಡಿ ಕಡಿ ಕುಂತ್ರಿ. ಸೀರಿ ಎಲ್ಲಾ ತೊಯ್ದಿತ್ತು. ನೀರು ಕೊಟ್ರ ಕುಡೀಲಿಲ್ಲ. ಏನಾತು ಅಂತ ಕೇಳಿದ್ರ ಅಣ್ಣ, ಅಣ್ಣ ಅಂದ್ರಿ. ಮುಂದ ಮಾತ ಬರಲಿಲ್ಲ ನಿಮಗ." ಆಮೇಲೆ ತಲೆ ಎತ್ತಿ, "ಸಿಕ್ರೇನು ಅವರು?" ಎಂದು ಕೇಳಿದಳು.

ಅಷ್ಟರಲ್ಲಿ ಅಣ್ಣ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಬಂದು ಕೂತ. ಅವಳು ಅವನನ್ನು ಒಮ್ಮೆ ನೋಡಿ, "ಹ್ಞಾಂ, ಸಿಕ್ಕಾರಲ್ಲ. ಚಲೋ ಆತು" ಎಂದು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಅವಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಕಳೆದ ಎಮ್ಮೆ ಸಿಕ್ಕಿತೇ ಎಂದು ಕೇಳಿದಷ್ಟೇ ಸಹಜವಾಗಿತ್ತು. ಅಣ್ಣ ಯಾರು ಸಿಕ್ಕರು ಎಂದು ಕೇಳಿದ. ಯಾರೂ ಇಲ್ಲ, ಉಣ್ಣು ಎಂದೆ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಬಂದವು. ನಾನು ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸಿದೆ. ಹೆದರಿಕೆ ಅಂತಲ್ಲ. ಗುರುತಿಲ್ಲದ ಊರಿನಲ್ಲಿ ಯಾರೋ ನನ್ನ ಬಗ್ಗೆ ನನಗಿಂತ ಖಚಿತವಾಗಿ ಮಾತಾಡಿದ್ದರ ರೇಜಿಗೆ ಅದು.

ಕಾರಿನಲ್ಲಿ ಅಣ್ಣನಿಗೆ ವಿಷಯ ಹೇಳಿದೆ. ಇವತ್ತು ಹೊಳೆ ಬೇಡ, ನೇರ ಮಾನ್ವಿಗೆ ಹೋಗೋಣ ಎಂದೂ ಹೇಳಿದೆ. ಹೇಳಿದ ಕೂಡಲೇ ನನಗೇ ನಾಚಿಕೆಯಾಯಿತು. ಅಣ್ಣ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿ ನಕ್ಕ. "ನೀ ಸೈನ್ಸ್ ಟೀಚರಾ, ಇಲ್ಲಾ ಗುಡಿ ಮುಂದ ಶಕುನ ಹೇಳಾಕಿಯಾ? ನಿನ್ನಂಗ ಇದ್ದಾಕಿ ಇನ್ನೊಬ್ಬಾಕಿ ಬಂದಿರ್ತಾಳ, ಬಿಡು." ಮೌಲಾ ಕನ್ನಡಿಯಲ್ಲಿ ನನ್ನನ್ನು ನೋಡಿದ.

ದೇವದುರ್ಗ ದಾಟಿ ಡಾಂಬರು ಮುಗಿದ ಮೇಲೆ ಹೊಲಗಳ ನಡುವೆ ಒಂದು ಮಣ್ಣಿನ ದಾರಿ ಹೊಳೆಯ ದಂಡೆಗುಂಟ ಹೋಗುತ್ತದೆ. ಆ ದಾರಿಯಲ್ಲಿ ಒಂದು ಗಂಟೆ ಹೋದರೂ ಹೆಚ್ಚು ದೂರ ಸಾಗುವುದಿಲ್ಲ. ಒಂದು ಕಡೆ ಮೆಣಸಿನಕಾಯಿ ಹೊಲ, ಇನ್ನೊಂದು ಕಡೆ ಹೊಳೆ. ಮಳೆಗಾಲದಲ್ಲಿ ಕಾಣದ ಕಲ್ಲುಗಳೆಲ್ಲ ಆಗ ಮೇಲೆದ್ದಿದ್ದವು. ಆನೆ ಮಲಗಿದ ಹಾಗೆ, ಮನೆ ಉರುಳಿದ ಹಾಗೆ, ಬಣ್ಣವೂ ಕೆಂಪು, ಕರಿ, ಬೂದಿ. ನಡುವೆ ನೀರು ಸಣ್ಣ ಸಣ್ಣ ಕವಲಾಗಿ ಹರಿಯುತ್ತಿತ್ತು. ಅಣ್ಣ ಹೇಳಿದ್ದು ಸುಳ್ಳಲ್ಲ, ಅದು ಕಡಲ ದಂಡೆಗೇನೂ ಕಡಿಮೆ ಇರಲಿಲ್ಲ. ಮರಳಿನ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲಿಗೆ ಮೈ ಕಾಯಿಸುತ್ತಿದ್ದವು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಲು ಹಾಕಿದ್ದವು. ಬಣ್ಣದ ಕೊಕ್ಕರೆಗಳ ಒಂದು ಹಿಂಡು ನೀರಿನಲ್ಲಿ ಕೊಕ್ಕು ಅದ್ದಿಕೊಂಡು ಒಂದೇ ಸಾಲಿನಲ್ಲಿ ನಡೆಯುತ್ತಿತ್ತು. ಬೇರೆ ದಿನವಾಗಿದ್ದರೆ ನಾನೂ ಖುಷಿಪಡುತ್ತಿದ್ದೆ.

ಒಂದು ಕಡೆ ಕಲ್ಲುಗಳು ದಂಡೆಯಿಂದ ಶುರುವಾಗಿ ಹೊಳೆಯ ಒಳಕ್ಕೆ ದೂರ ಚಾಚಿಕೊಂಡಿದ್ದವು. ಅದರ ತುದಿಯಲ್ಲಿ ನೀರುನಾಯಿಯ ಬಿಲ ಇದೆಯೆಂದು ಅಣ್ಣನಿಗೆ ಯಾರೋ ಮೀನು ಹಿಡಿಯುವವರು ಹೇಳಿದ್ದರಂತೆ. ಮೌಲಾ ಕಾರನ್ನು ಒಂದು ಜಾಲಿಮರದ ನೆರಳಿಗೆ ನಿಲ್ಲಿಸಿ ಅಲ್ಲೇ ಉಳಿದ. ಅಣ್ಣ ಕ್ಯಾಮೆರಾ ಹೊತ್ತು ಹೊರಟ. ಬೇಡ ಎಂದೆ. ಕೇಳಲಿಲ್ಲ. ಹೋಗುವುದಾದರೆ ನಾನೂ ಬರುತ್ತೇನೆ ಎಂದು ಹಿಂದೆ ಹೋದೆ. ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗ ಅವನ ಸೊಂಟದ ಬೆಲ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನೋಡಿದವರಿಗೆ ನಗು ಬರುವ ದೃಶ್ಯವೇ. ಕೂದಲು ಬೆಳ್ಳಗಾದ ತಂಗಿ, ತಲೆ ಬೋಳಾದ ಅಣ್ಣನ ಬೆಲ್ಟು ಹಿಡಿದು ನಡೆಯುವುದು. "ಬಿಡವಾ, ಕೈ ಅಲುಗಾಡ್ತದ" ಎಂದು ಅವನು ಬೈದ. ನಾನು ಬಿಡಲಿಲ್ಲ.

ನೀರುನಾಯಿಗಳು ಬಂದವು. ಅದು ಸುಳ್ಳಲ್ಲ. ಮೊದಲು ಸಿಳ್ಳಿನಂಥ ದನಿ, ಆಮೇಲೆ ನೀರಿನ ಮೇಲೆ ಕರಿ ತಲೆಗಳು. ಒಂದು ಕಲ್ಲೇರಿ ಮೀನನ್ನು ಕಟಕಟ ಕಡಿಯುತ್ತಿರುವುದು ನನಗೆ ಕೇಳಿಸಿತು. ಕೇಳಿಸಿತು ಎನ್ನುತ್ತೇನೆ, ಯಾಕೆಂದರೆ ನಾನು ಅವನ್ನು ಸರಿಯಾಗಿ ನೋಡಲೇ ಇಲ್ಲ. ನನ್ನ ಕಣ್ಣೆಲ್ಲ ಅಣ್ಣನ ಚಪ್ಪಲಿಯ ಮೇಲೆ, ಅವನ ಮುಂದಿದ್ದ ಕೊನೆಯ ಕಲ್ಲಿನ ಮೇಲೆ. ಅದು ಪಾಚಿ ಹಿಡಿದು ಹಸಿರಾಗಿತ್ತು. ಅದರಾಚೆ ನೀರು ಕಪ್ಪಗೆ, ಆಳವಾಗಿತ್ತು. ಅಣ್ಣ ಆ ಕಲ್ಲಿನ ಮೇಲೆ ಕಾಲಿಡಲು ಹವಣಿಸುತ್ತ, ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಇನ್ನೊಂದು ಕೈಯಿಂದ ನನ್ನ ಬೆರಳು ಬಿಡಿಸುತ್ತಿದ್ದ.

ಆಗ ದಂಡೆಯಿಂದ ಮೌಲಾನ ಕೂಗು ಕೇಳಿತು. ಅವನು ಕೂಗುವವನೇ ಅಲ್ಲ. ತಿರುಗಿ ನೋಡಿದರೆ ಬರಿಗಾಲಲ್ಲಿ ಕಲ್ಲು ಜಿಗಿಯುತ್ತ, ಎರಡೂ ಕೈ ಬೀಸುತ್ತ ನಮ್ಮ ಕಡೆ ಓಡಿ ಬರುತ್ತಿದ್ದ. ನೀರುನಾಯಿಗಳು ಮುಳುಗಿದವು. ಅಣ್ಣ ಬೈಯುತ್ತ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದು ನನ್ನ ಪಕ್ಕಕ್ಕೆ ಬಂದ. ಮೌಲಾ ನಮ್ಮನ್ನು ಮುಟ್ಟಿದಾಗ ಅವನ ಉಸಿರು ಕಿತ್ತು ಬರುತ್ತಿತ್ತು. ಅಣ್ಣನ ತೋಳು ಹಿಡಿದ. ಆಮೇಲೆ ನನ್ನ ಸೀರೆಯನ್ನು ಮೇಲಿಂದ ಕೆಳಗಿನ ತನಕ ನೋಡಿದ. "ಅಕ್ಕಾರ, ನೀವು ಇಲ್ಲಿ ಹೆಂಗ ಬಂದ್ರಿ?" ಎಂದ.

ಹೆಂಗ ಬಂದ್ರಿ ಅಂದರೆ ಏನು, ನಾವು ಬಂದು ಎಷ್ಟೋ ಹೊತ್ತಾಯಿತು ಎಂದೆ.

ಅವನು ಹೇಳಿದ್ದಿಷ್ಟು. ಕಾರಿನ ಬಾಗಿಲು ತೆಗೆದು ಕೂತಿದ್ದ. ಕಲ್ಲುಗಳ ಕಡೆಯಿಂದ ನಾನು ಬರುವುದು ಕಂಡಿತು. ಒಬ್ಬಳೇ. ಇದೇ ಕಾಫಿ ಬಣ್ಣದ ಸೀರೆ, ಸೊಂಟದ ತನಕ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ನಾನು ಬಂದು ಕಾರಿನ ಮುಂದಿದ್ದ ಕಲ್ಲಿನ ಮೇಲೆ ಕೂತೆ. "ಅಣ್ಣಾರೆಲ್ಲಿ ಅಂತ ಕೇಳಿದೆ. ನೀವು ಮಾತಾಡ್ಲಿಲ್ಲ. ಚಪ್ಲಿ ಬಿಟ್ಟು ಓಡಿ ಬಂದೆ." ಅರ್ಧ ದಾರಿಯಲ್ಲಿ ತಲೆ ಎತ್ತಿದರೆ ತುದಿಯಲ್ಲಿ ಅಣ್ಣ ನಿಂತಿದ್ದ, ಅವನ ಹಿಂದೆ ಬೆಲ್ಟು ಹಿಡಿದು ನಾನು ನಿಂತಿದ್ದೆ. ಹಿಂದಕ್ಕೆ ತಿರುಗಿ ನೋಡಿದ. ಕಾರಿತ್ತು, ಬಾಗಿಲು ತೆರೆದೇ ಇತ್ತು. ಕಲ್ಲಿನ ಮೇಲೆ ಯಾರೂ ಇರಲಿಲ್ಲ.

ಖಾನಾವಳಿಯ ಹೆಂಗಸು ಏನು ಹೇಳಿದಳೆಂಬುದನ್ನು ಅವನು ಕಾರಿನಲ್ಲಿ ಕೇಳಿಸಿಕೊಂಡಿದ್ದ, ನಿಜ. ಅದೇ ತಲೆಯಲ್ಲಿ ಕೂತು ಬಿಸಿಲಿಗೆ ಹಾಗೆ ಕಂಡಿರಬಹುದು. ನಾನು ಅದನ್ನೇ ಅವನಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಹೇಳುತ್ತಲೇ ಕಾರಿನ ಕಡೆ ಬೇಗ ಬೇಗ ನಡೆದೆ. ಆ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿದೆ. ಒಣಗಿತ್ತು, ಸುಡುತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಒದ್ದೆ ಎಷ್ಟು ಹೊತ್ತು ನಿಲ್ಲುತ್ತದೆ? ಅದರಿಂದ ಏನೂ ತಿಳಿಯಲಿಲ್ಲ. ಅಣ್ಣ ಮಾತ್ರ ನಮ್ಮಿಬ್ಬರ ಮೇಲೂ ಉರಿಯುತ್ತಿದ್ದ. ಇಷ್ಟು ದಿನ ಕಾದ ಪ್ರಾಣಿ ಕಣ್ಣಮುಂದೆ ಬಂದಾಗ ಒಬ್ಬಳು ಸೊಂಟಕ್ಕೆ ಜೋತುಬಿದ್ದಳು, ಇನ್ನೊಬ್ಬ ಗದ್ದಲ ಮಾಡಿ ಓಡಿಸಿದ. ಮತ್ತೆ ಹೋಗುತ್ತೇನೆಂದು ಹೊರಟ. ಕಾರು ಹೊರಡುತ್ತದೆ, ಬೇಕಿದ್ದರೆ ನಡೆದುಕೊಂಡು ಬಾ ಎಂದೆ. ಮೌಲಾ ಆಗಲೇ ಇಂಜಿನ್ ಶುರು ಮಾಡಿದ್ದ.

ದೇವದುರ್ಗಕ್ಕೆ ಬಂದಾಗ ಖಾನಾವಳಿಯ ಮುಂದೆ ಕಾರು ನಿಲ್ಲಿಸಲು ಹೇಳಿದೆ. ಇದನ್ನು ಬಗೆಹರಿಸಲೇಬೇಕೆಂದು ಒಬ್ಬಳೇ ಒಳಗೆ ಹೋದೆ. ನಿನ್ನೆ ಬಂದಾಕಿ ನೋಡಲು ಹೆಂಗಿದ್ದಳು, ಯಾವ ಕಡೆ ಹೋದಳು, ಸರಿಯಾಗಿ ಹೇಳಿ ಎಂದೆ. ಆ ಹೆಂಗಸು ನನ್ನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ನಿನ್ನಿ ನಾ ಖಾನಾವಳಿನೇ ತಗದಿಲ್ಲ ಯವ್ವಾ. ತಂಗಿ ಮಗನ ಜವಳ ಇತ್ತು, ಎಲ್ಲಾರೂ ಮಲ್ಲಟಕ್ಕ ಹೋಗಿದ್ವಿ" ಎಂದಳು. ಮಧ್ಯಾಹ್ನ ನೀವೇ ನನಗೆ ಹೇಳಿದ್ದಲ್ಲವೇ ಎಂದು ಕೇಳಿದೆ. "ಊಟ ಮಾಡಿ ಹೋದ್ರಿ, ಅಷ್ಟ. ನಾ ಏನ ಅಂದೆ?" ಪಕ್ಕದ ಕಿರಾಣಿಯವನೂ ಹೌದು, ನಿನ್ನೆ ಬಂದ್ ಇತ್ತು ಎಂದ. ಅವಳು ಸುಳ್ಳು ಹೇಳುವವಳಂತೆ ಕಾಣಲಿಲ್ಲ. ನನ್ನ ಮೈ ಸರಿಯಿಲ್ಲವೆಂದು ಕನಿಕರಪಟ್ಟು ನೀರು ತಂದುಕೊಟ್ಟಳು. ಆ ಲೋಟವನ್ನು ಅಲ್ಲೇ ಇಟ್ಟು ಹೊರಗೆ ಬಂದೆ.

ಸಿರವಾರ ದಾಟಿದೆವು. ಮೌಲಾ ನಮ್ಮನ್ನು ಮಾನ್ವಿಯಲ್ಲಿ ಚಿಕ್ಕಮ್ಮನ ಮನೆಯ ಮುಂದೆ ಇಳಿಸಿ, ನಾಳೆ ತನ್ನ ಕೈಲಾಗುವುದಿಲ್ಲ, ಮಾಫ್ ಮಾಡ್ರಿ ಎಂದು ಕತ್ತಲಾಗುವ ಮೊದಲೇ ಊರಿಗೆ ತಿರುಗಿದ. ತುಂಗಭದ್ರೆಯ ದಂಡೆ ಅಲ್ಲಿಗೇ ಬಿತ್ತು. ಮರುದಿನ ಬಸ್ಸಿನಲ್ಲಿ, ಸೀಟು ಸಿಗದೆ, ಸೋರೆಕಾಯಿ ಲೆನ್ಸನ್ನು ಮಗುವಿನಂತೆ ಅಪ್ಪಿಕೊಂಡು ನಿಂತ ಅಣ್ಣ ರಾಯಚೂರಿನ ತನಕ ನನ್ನನ್ನು ಬೈದ. ನೀರುನಾಯಿಯ ಫೋಟೋಗಳೆಲ್ಲ ಕೈ ಅಲುಗಾಡಿ ಮಸುಕಾಗಿದ್ದವು. ಕಂದು ಬಣ್ಣದ ಕಲೆಗಳು. ಈಗಲೂ ನೆಂಟರು ಬಂದರೆ ಅವನು ಅವನ್ನು ತೋರಿಸಿ, "ಇದು ನನ್ನ ತಂಗಿ ತಗದ ಫೋಟೋ" ಎನ್ನುತ್ತಾನೆ.

ನಾನು ಸುಮ್ಮನೆ ಕೂರಲಿಲ್ಲ. ನಮ್ಮಂಥವರೇ ಯಾರೋ ಅಣ್ಣ ತಂಗಿ ಹಿಂದಿನ ದಿನ ಬಂದು ಅವರಿಗೇನಾದರೂ ಆಗಿರಬಹುದೇ ಎಂದು ದೇವದುರ್ಗದಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯರನ್ನು ವಿಚಾರಿಸಿದೆ. ಆ ದಂಡೆಯಲ್ಲಿ ಯಾರೂ ಬಿದ್ದಿರಲಿಲ್ಲ, ಯಾರೂ ಕಾಣೆಯಾಗಿರಲಿಲ್ಲ. ಖಾನಾವಳಿಯ ಮಾತನ್ನು ನಾನೇ ಕಲ್ಪಿಸಿಕೊಂಡೆ ಎನ್ನೋಣವೆಂದರೆ, ಅದನ್ನು ಕಾರಿನಲ್ಲಿ ಅಣ್ಣನಿಗೆ ಹೇಳಿದ್ದು ನಿಜ, ಅವನು ನಕ್ಕದ್ದೂ ನಿಜ. ಮೌಲಾನದು ಭ್ರಮೆ ಎನ್ನೋಣವೆಂದರೆ, ಒದ್ದೆ ಸೀರೆಯ ಮಾತನ್ನು ನಾನು ಕಾರಿನಲ್ಲಿ ಹೇಳಿದ್ದೆನೋ ಇಲ್ಲವೋ ಎಂಬುದೇ ಈಗ ನನಗೆ ನೆನಪಾಗುತ್ತಿಲ್ಲ. ಇದೊಂದು ನೆನಪಿದ್ದಿದ್ದರೆ ಅರ್ಧ ಲೆಕ್ಕ ಬಗೆಹರಿಯುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು: ಅವತ್ತು ಏನೂ ಆಗಲಿಲ್ಲ. ಆಗದೇ ಹೋದದ್ದಕ್ಕೆ ಯಾರು ಸಾಕ್ಷಿ ತಂದಾರು?

ಮುಂದಿನ ವರ್ಷ ಮೌಲಾ ಮಗಳ ಮದುವೆಗೆ ಕರೆಯಲು ಬಂದ. ಚಹಾ ಕುಡಿದ, ಎದ್ದ, ಬಾಗಿಲಲ್ಲಿ ನಿಂತ. "ಅಕ್ಕಾರ, ಅವತ್ತು ಒಂದು ಮಾತು ನಾ ಹೇಳಿದ್ದಿಲ್ಲ" ಎಂದ.

"ಆಕಿ ಸುಮ್ನ ಕುಂತಿದ್ದಿಲ್ಲ. ಅಣ್ಣಾರೆಲ್ಲಿ ಅಂತ ನಾ ಕೇಳಿದ್ಮ್ಯಾಲ ನನ್ನ ಕಡಿ ನೋಡಿದ್ಲು. 'ಇನ್ನಾ ನಿಂತಾನ. ಓಡು ಮೌಲಾ' ಅಂದ್ಲು. ನಿಮ್ಮ ದನೀನ ಅದು."

ಇದನ್ನು ಯಾಕೆ ಅವತ್ತೇ ಹೇಳಲಿಲ್ಲ ಎಂದು ರೇಗಿದೆ. ಅಣ್ಣನವರ ಮುಂದೆ ಹೇಗೆ ಹೇಳುವುದು ಎಂದ. ಅದೂ ಸರಿಯೇ. ನಾನೂ ಈ ತನಕ ಅಣ್ಣನಿಗೆ ಹೇಳಿಲ್ಲ. ಅವನು ನಗುತ್ತಾನೆ, ನಕ್ಕು ಮತ್ತೆ ಆ ಹೊಳೆಗೆ ಹೋಗೋಣ ಎನ್ನುತ್ತಾನೆ.

ದೆವ್ವವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಮಕ್ಕಳಿಗೆ ಅದೇ ಹಳೆಯ ಉತ್ತರ ಕೊಡುತ್ತೇನೆ. ಆದರೆ ಕೆಲವು ಸಂಜೆ ಅಣ್ಣನ ಮನೆಗೆ ಹೋದಾಗ, ಅತ್ತಿಗೆ ಬಾಗಿಲು ತೆರೆದು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಸುಮ್ಮನೆ ಇಣುಕಿದರೂ ಸಾಕು, ಆ ಹೆಂಗಸಿನ ನೆನಪಾಗುತ್ತದೆ. ನನ್ನ ಸೀರೆ ಉಟ್ಟವಳು, ನನ್ನ ದನಿಯವಳು, ಬಹುಶಃ ಅಣ್ಣನ ಬೆಲ್ಟು ಕೈತಪ್ಪಿದವಳು. ಮೌಲಾನನ್ನು ನಮ್ಮ ಕಡೆ ಓಡಿಸಿದ ಮೇಲೆ ಅವಳು ಆ ಕಲ್ಲಿನಿಂದೆದ್ದು ಎಲ್ಲಿಗೆ ಹೋದಳು? ಯಾರ ಕಾರು ಹತ್ತಿದಳು? ಒದ್ದೆ ಸೀರೆಯಲ್ಲಿ ಇದೇ ಬಾಗಿಲ ಮುಂದೆ ಒಬ್ಬಳೇ ನಿಂತು ಅತ್ತಿಗೆಗೆ ಏನು ಹೇಳಿದಳು?